ಪ್ರಳಯ ಕಂಡವನ ಎಲುಬು

ಬಹಳ ದಿನಗಳಿಂದ ಈ ಕಡೆ ತಲೆ ಹಾಕಿರಲಿಲ್ಲ. ಕೆಲಸ ಅನ್ನೋದು ನೆಪ, ಸೋಮಾರಿತನ ನಿಜ. ಹೋದ ವಾರ ನಮ್ಮ ಮನೆಮಂದಿಯ ವಾಟ್ಸಾಪ್ ಗುಂಪಿಗೆ ಒಂದು ಚಿತ್ರ ಬಂತು ನೋಡಿ, ಅದು ಮತ್ತೆ ಇಲ್ಲಿ ಕೂರಿಸಿತು. ಮರಳು ನೆಲದಲ್ಲಿ ಅಗೆದ ಗುಂಡಿ, ಅದರೊಳಗೆ ಆನೆಗಿಂತ ದೊಡ್ಡ ಮನುಷ್ಯನ ಅಸ್ಥಿಪಂಜರ, ಪಕ್ಕದಲ್ಲಿ ಇರುವೆಗಳ ಹಾಗೆ ಕಾಣುವ ಕೆಲಸಗಾರರು. ಕೆಳಗೆ ಒಕ್ಕಣೆ: ಉತ್ತರ ಭಾರತದಲ್ಲಿ ಸಿಕ್ಕಿದ ಘಟೋತ್ಕಚನ ಅಸ್ಥಿಪಂಜರ!

ನೀವೂ ನೋಡಿರುತ್ತೀರಿ. ಹಳೇ ಗಿರಾಕಿ ಇದು. ವಾಟ್ಸಾಪ್ ಹುಟ್ಟುವ ಮುಂಚೆ, ಯಾಹೂ ಮೇಲ್ ಕಾಲದಲ್ಲಿ ಎಲ್ಲರ ಇನ್‌ಬಾಕ್ಸಿಗೂ ಬಂದು ಹೋಗಿದೆ. ನನಗೆ ಮೊದಲು ಬಂದದ್ದು 2004ರಲ್ಲಿ. ಆಗ ನಾನು ಬೆಂಗಳೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಬಂದ ಐದೇ ನಿಮಿಷಕ್ಕೆ ನಲವತ್ತು ಜನಕ್ಕೆ ಕಳಿಸಿದ್ದೆ. ಅಷ್ಟಕ್ಕೇ ಬಿಡಲಿಲ್ಲ. ಆಫೀಸಿನ ಕಲರ್ ಪ್ರಿಂಟರಿನಲ್ಲಿ ಕದ್ದು ಒಂದು ಪ್ರತಿ ತೆಗೆದು, ಗಣೇಶನ ಹಬ್ಬಕ್ಕೆ ತಿಪಟೂರಿಗೆ ಹೋದಾಗ ನಮ್ಮ ಸೋದರಮಾವನ ಮುಂದೆ ಇಟ್ಟೆ.

ಮಾವ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದು ರಿಟೈರ್ ಆದವರು. ಕನ್ನಡಕ ಹಾಕಿಕೊಂಡು ಹಾಳೆಯನ್ನು ಕಿಟಕಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

"ಮೂಳೆ ಈಗ ಎಲ್ಲಿದೆಯೋ?"

"ಅಲ್ಲೇ ಇದೆಯಂತೆ ಮಾವ. ಮಿಲಿಟರಿಯವರು ಸುತ್ತುಗಟ್ಟಿದಾರಂತೆ, ಯಾರನ್ನೂ ಹತ್ತಿರ ಬಿಡ್ತಿಲ್ಲವಂತೆ."

"ಹಂಗಾದ್ರೆ ನೀನು ನೋಡಿದ್ದು ಮೂಳೆಯಲ್ಲ ಕಣೋ. ಪಟ."

ನನಗೆ ಸಿಟ್ಟು ಬಂತು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ನಾನು, "ನಿಮಗೆ ಸೈನ್ಸು ಓದಿ ಓದಿ ನಮ್ಮ ಪುರಾಣ ಅಂದ್ರೇನೇ ತಾತ್ಸಾರ" ಅಂದುಬಿಟ್ಟೆ. ದಿನಾ ಬೆಳಿಗ್ಗೆ ಸ್ನಾನ ಮಾಡಿ ಕುಮಾರವ್ಯಾಸನ ನಾಲ್ಕು ಪದ್ಯ ಓದದೆ ಕಾಫಿ ಕುಡಿಯದ ಮನುಷ್ಯನಿಗೆ ನಾನು ಹೇಳಿದ ಮಾತು ಇದು. ಅವರು ಏನೂ ಹೇಳಲಿಲ್ಲ. ಹಾಳೆಯನ್ನು ಮಡಿಸಿ ನನ್ನ ಕೈಗೆ ಕೊಟ್ಟು ಎದ್ದು ಹೋದರು.

ಆ ಚಿತ್ರ ಏನು ಅನ್ನೋದು ನನಗೆ ಗೊತ್ತಾಗಿದ್ದು 2007ರ ಡಿಸೆಂಬರಿನಲ್ಲಿ, ನ್ಯಾಷನಲ್ ಜಿಯೋಗ್ರಾಫಿಕ್ ಸಂಸ್ಥೆ ಅದು ಸುಳ್ಳು ಎಂದು ವಿವರವಾಗಿ ಬರೆದಾಗ. ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತಿದ್ದುವ ಒಂದು ಸ್ಪರ್ಧೆಗೆ ಅಂತ 2002ರಲ್ಲಿ ಯಾರೋ ತಮಾಷೆಗೆ ಮಾಡಿದ್ದಂತೆ. ಮೂಲ ಫೋಟೋ 2000ದಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕ್ ಎಂಬಲ್ಲಿ ನಡೆದ ಅಗೆತದ್ದು. ಅಲ್ಲಿ ನಿಜಕ್ಕೂ ಸಿಕ್ಕಿದ್ದು ಆನೆಯ ದೂರದ ನೆಂಟ ಮ್ಯಾಸ್ಟೊಡಾನ್‌ನ ಎಲುಬು. ಗುಂಡಿಯೂ ನಿಜ, ಜನರೂ ನಿಜ, ಮನುಷ್ಯನ ಎಲುಬು ಮಾತ್ರ ಆಮೇಲೆ ತಂದು ಅಂಟಿಸಿದ್ದು.

ಓದಿದ ದಿನವೇ ಮಾವನಿಗೆ ಫೋನ್ ಮಾಡಬೇಕಿತ್ತು. ನಾಚಿಕೆಯಿಂದ ಮಾಡಲಿಲ್ಲ. ಊರಿಗೆ ಹೋದಾಗ ಹೇಳಿದರಾಯಿತು ಅಂದುಕೊಂಡೆ. 2008ರಲ್ಲಿ ಮಾವ ಹೋಗಿಬಿಟ್ಟರು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಅದರ ಮರುವರ್ಷ ಕೆಲಸದ ಮೇಲೆ ಮೂರು ತಿಂಗಳು ಆಮ್‌ಸ್ಟರ್‌ಡ್ಯಾಮಿಗೆ ಹೋಗಿದ್ದಾಗ ನಾನು ಇನ್ನೊಂದು "ಘಟೋತ್ಕಚ"ನನ್ನು ನೋಡಿದೆ. ಈ ಸಲ ಪಟವಲ್ಲ. ಎಲುಬನ್ನೇ.

ಆಮ್‌ಸ್ಟರ್‌ಡ್ಯಾಮಿನಿಂದ ರೈಲಿನಲ್ಲಿ ಕಾಲು ಗಂಟೆ ದೂರದಲ್ಲಿ ಹಾರ್ಲೆಮ್ ಅಂತ ಊರು. ಅಲ್ಲಿ ಸ್ಪಾರ್ನೆ ನದಿಯ ದಂಡೆಯ ಮೇಲೆ ಟೇಲರ್ಸ್ ಮ್ಯೂಸಿಯಂ ಇದೆ. 1784ರಲ್ಲಿ ಬಾಗಿಲು ತೆರೆದದ್ದು, ಆ ದೇಶದ ಅತ್ಯಂತ ಹಳೆಯ ಮ್ಯೂಸಿಯಂ. ಒಂದು ಭಾನುವಾರ ಮಳೆ ತಪ್ಪಿಸಿಕೊಳ್ಳಲು ಒಳಗೆ ಹೊಕ್ಕೆ. ಹಳೇ ಮರದ ಬೀರುಗಳು, ಗಾಜು, ಕಿಟಕಿಯಿಂದ ಬರುವ ಮಂಕು ಬೆಳಕು. ಅಲ್ಲಿ ಒಂದು ಕಲ್ಲುಚಪ್ಪಡಿ. ಅದರಲ್ಲಿ ಅಗಲವಾದ ತಲೆಬುರುಡೆ, ಎರಡು ದೊಡ್ಡ ಕಣ್ಣಿನ ಗುಳಿ, ಬೆನ್ನುಮೂಳೆಯ ಸಾಲು, ಎರಡು ಪಕ್ಕಕ್ಕೆ ಎರಡು ಪುಟ್ಟ ಕೈ. ಎಲ್ಲ ಸೇರಿ ಸುಮಾರು ಒಂದು ಮೀಟರ್ ಉದ್ದ. ಸೊಂಟದಿಂದ ಕೆಳಗೆ ಏನೂ ಇಲ್ಲ. ಜೊತೆಗಿದ್ದ ವಿವರಣೆ ಓದಿದೆ. ಆಮೇಲೆ ಹೊರಗೆ ಮಳೆ ನಿಂತರೂ ಅಲ್ಲೇ ಇದ್ದೆ. ಆ ಕಲ್ಲಿನ ಕಥೆಯೇ ಇವತ್ತಿನ ಬರಹ.

ಯೋಹಾನ್ ಯಾಕೋಬ್ ಶೊಯ್ಕ್ಸರ್ (ಹೆಸರು ಹೇಳುವಾಗ ನಾಲಿಗೆ ಜೋಪಾನ!) 1672ರಲ್ಲಿ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿ ಹುಟ್ಟಿದವನು. ಓದಿದ್ದು ವೈದ್ಯಕೀಯ. ಕಲಿಸುತ್ತಿದ್ದದ್ದು ಗಣಿತ. ಖುಷಿಗೆ ಮಾಡುತ್ತಿದ್ದದ್ದು ಆಲ್ಪ್ಸ್ ಬೆಟ್ಟಗಳ ಅಲೆದಾಟ. ಬ್ಯಾರೋಮೀಟರ್ ಹೊತ್ತುಕೊಂಡು ಬೆಟ್ಟ ಹತ್ತಿ ಎತ್ತರ ಅಳೆದವನು, ತನ್ನ ದೇಶದ ದೊಡ್ಡ ನಕ್ಷೆ ಬರೆದವನು. ಅದೇ ಪುಸ್ತಕಗಳಲ್ಲಿ ಆಲ್ಪ್ಸ್‌ನಲ್ಲಿ ಡ್ರ್ಯಾಗನ್ ನೋಡಿದೆವು ಎಂದ ಹಳ್ಳಿಯವರ ಮಾತುಗಳನ್ನೂ ಚಿತ್ರ ಸಮೇತ ಅಚ್ಚು ಹಾಕಿಸಿದವನು. ಎರಡೂ ಅವನೇ.

ಆ ಕಾಲದಲ್ಲಿ ಪಳೆಯುಳಿಕೆ ಅಂದರೆ ಏನು ಅನ್ನೋದರಲ್ಲೇ ಜಗಳವಿತ್ತು. ಕಲ್ಲಿನೊಳಗೆ ಸಿಗುವ ಮೀನಿನ ಆಕಾರ, ಎಲೆಯ ಆಕಾರ ಇವೆಲ್ಲ ಪ್ರಕೃತಿಯ ಆಟ, ಕಲ್ಲು ತಾನಾಗೇ ಹಾಗೆ ಬೆಳೆಯುತ್ತದೆ ಅನ್ನುವವರು ತುಂಬಾ ಜನ. ಶೊಯ್ಕ್ಸರ್ ಕೂಡ ಮೊದಲು ಹಾಗೇ ನಂಬಿದ್ದ. ಆಮೇಲೆ ಇಂಗ್ಲೆಂಡಿನ ಜಾನ್ ವುಡ್‌ವರ್ಡ್‌ನ ಪುಸ್ತಕ ಓದಿ ಮನಸ್ಸು ಬದಲಾಯಿಸಿದ. ಇವೆಲ್ಲ ಒಂದು ಕಾಲದಲ್ಲಿ ಬದುಕಿದ್ದ ಜೀವಿಗಳೇ, ಬೈಬಲ್ಲಿನ ನೋಹನ ಕಾಲದ ಮಹಾಪ್ರಳಯದಲ್ಲಿ ಸತ್ತು ಕೆಸರಲ್ಲಿ ಹೂತುಹೋದವು ಅನ್ನೋದು ವುಡ್‌ವರ್ಡ್‌ನ ವಾದ. ಶೊಯ್ಕ್ಸರ್ ಆ ಪುಸ್ತಕವನ್ನು 1704ರಲ್ಲಿ ಲ್ಯಾಟಿನ್ನಿಗೆ ಅನುವಾದ ಮಾಡಿದ.

1708ರಲ್ಲಿ ಅವನು ಇನ್ನೊಂದು ಪುಸ್ತಕ ಬರೆದ. ಹೆಸರು "ಮೀನುಗಳ ದೂರು" ಅನ್ನೋ ಅರ್ಥದ್ದು. ಅದರಲ್ಲಿ ಕಲ್ಲಾಗಿರುವ ಮೀನುಗಳೇ ಎದ್ದು ನಿಂತು ಮನುಷ್ಯರ ಮೇಲೆ ಫಿರ್ಯಾದು ಹೇಳುತ್ತವೆ. ಪಾಪ ಮಾಡಿದವರು ನೀವು, ಪ್ರಳಯದಲ್ಲಿ ಸತ್ತವರು ನಾವು, ಈಗ ನಮ್ಮನ್ನು ಬರೀ ಕಲ್ಲು ಅಂತೀರಲ್ಲ, ಇದು ನ್ಯಾಯವೇ ಅಂತ. ನಮ್ಮ ಮನುವಿನ ಪ್ರಳಯದ ಕಥೆಯಲ್ಲಿ ಮೀನು ದೋಣಿ ಎಳೆದು ಕಾಪಾಡುತ್ತದೆ. ಇಲ್ಲಿ ಮೀನೇ ಕೋರ್ಟು ಹತ್ತಿದೆ :)

ನಗಬೇಡಿ. ಮುಖ್ಯವಾದ ವಿಷಯದಲ್ಲಿ ಮೀನುಗಳ ಪರ ವಕೀಲ ಸರಿಯಾಗೇ ಇದ್ದ. ಅವು ಕಲ್ಲಿನ ಆಟ ಅಲ್ಲ, ಬದುಕಿದ್ದ ಮೀನುಗಳೇ. ಇವತ್ತಿನ ಪಳೆಯುಳಿಕೆ ವಿಜ್ಞಾನ ನಿಂತಿರುವುದೂ ಆ ಮಾತಿನ ಮೇಲೆ.

ಆದರೆ ಅವನಿಗೆ ಒಂದು ಕೊರಗು ಉಳಿದಿತ್ತು. ಮೀನು ಸಿಕ್ಕಿತು, ಚಿಪ್ಪು ಸಿಕ್ಕಿತು, ಎಲೆ ಸಿಕ್ಕಿತು. ಯಾರ ಪಾಪಕ್ಕಾಗಿ ಪ್ರಳಯ ಬಂತೋ ಆ ಮನುಷ್ಯನದು ಮಾತ್ರ ಒಂದು ಎಲುಬೂ ಇಲ್ಲ! ಮುಖ್ಯ ಆರೋಪಿಯೇ ನಾಪತ್ತೆ. ಜರ್ಮನಿಯ ಆಲ್ಟ್‌ಡಾರ್ಫ್‌ನಲ್ಲಿ ಸಿಕ್ಕಿದ್ದ ಎರಡು ಕಪ್ಪು ಬೆನ್ನುಮೂಳೆಗಳನ್ನು ಮನುಷ್ಯನವೇ ಅಂತ ಅವನು ಇಟ್ಟುಕೊಂಡಿದ್ದ. (ಅವು ಇಕ್ತಿಯೋಸಾರ್ ಅನ್ನುವ ಸಮುದ್ರದ ಸರೀಸೃಪದವು ಅಂತ ಆಮೇಲೆ ಗೊತ್ತಾಯಿತು.) ಆದರೆ ಎರಡು ಬಿಡಿ ಮೂಳೆ ಸಾಲದು. ಇಡೀ ಮನುಷ್ಯ ಬೇಕಿತ್ತು.

1725ರ ಸುಮಾರಿಗೆ ಸಿಕ್ಕಿಯೇಬಿಟ್ಟ. ಕಾನ್ಸ್‌ಟನ್ಸ್ ಸರೋವರದ ಹತ್ತಿರ ಓನಿಂಗೆನ್ ಅನ್ನುವ ಊರಿನ ಸುಣ್ಣಕಲ್ಲಿನ ಕ್ವಾರಿಯಲ್ಲಿ. ಶೊಯ್ಕ್ಸರ್‌ಗೆ ಆದ ಸಂತೋಷ ಊಹಿಸಿ! 1726ರಲ್ಲಿ ಚಿತ್ರ ಸಮೇತ ಪ್ರಕಟಿಸಿದ. ಅದಕ್ಕೆ ಇಟ್ಟ ಹೆಸರು ಹೋಮೋ ಡಿಲೂವಿಯೈ ಟೆಸ್ಟಿಸ್, ಅಂದರೆ ಪ್ರಳಯಕ್ಕೆ ಸಾಕ್ಷಿಯಾದ ಮನುಷ್ಯ. ಲಂಡನ್ನಿನ ರಾಯಲ್ ಸೊಸೈಟಿಯ ಹ್ಯಾನ್ಸ್ ಸ್ಲೋನ್‌ಗೆ ಪತ್ರ ಬರೆದ, ಅದು ಅದೇ ವರ್ಷ ಆ ಸೊಸೈಟಿಯ "ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್" ಪತ್ರಿಕೆಯಲ್ಲಿ ಅಚ್ಚಾಯಿತು. ಈ ಪತ್ರಿಕೆಯ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ. ಹಣೆ, ಕಣ್ಣಿನ ಗುಳಿ, ಬೆನ್ನುಮೂಳೆ ಎಲ್ಲ ಅವನಿಗೆ ಕಂಡವು. ಎಲುಬಷ್ಟೇ ಅಲ್ಲ, ಮಾಂಸದ ಗುರುತೂ ಕಂಡಿತು. ಪಾದ್ರಿಯೊಬ್ಬರು ಆ ಪಾಪಿಯ ಎಲುಬನ್ನು ನೋಡಿ ಈಗಿನ ಪಾಪಿಗಳು ಬುದ್ಧಿ ಕಲಿಯಲಿ ಅನ್ನುವ ಹಾಗೆ ಎರಡು ಸಾಲು ಪದ್ಯವನ್ನೂ ಕಟ್ಟಿದರು.

ನನ್ನನ್ನು ಹಾರ್ಲೆಮ್‌ನಲ್ಲಿ ಹಿಡಿದು ನಿಲ್ಲಿಸಿದ್ದು ಒಂದೇ ಸಂಗತಿ. ಈ ಮನುಷ್ಯ ಡಾಕ್ಟರು. ಮನುಷ್ಯನ ತಲೆಬುರುಡೆ ಹೇಗಿರುತ್ತದೆ ಅಂತ ಜ್ಯೂರಿಕ್‌ನಲ್ಲಿ ಅವನಿಗಿಂತ ಚೆನ್ನಾಗಿ ಬಲ್ಲವರು ಎಷ್ಟು ಜನ ಇದ್ದಾರು? ಆ ಕಲ್ಲಿನಲ್ಲಿರುವ ತಲೆ ರೊಟ್ಟಿಯ ಹಾಗೆ ಚಪ್ಪಟೆ, ಅರ್ಧಚಂದ್ರಾಕಾರ. ಏನೂ ಓದದ ನನಗೇ ಅದು ಮನುಷ್ಯನ ತಲೆ ಅನ್ನಿಸಲಿಲ್ಲ. ಅವನಿಗೆ ಅನ್ನಿಸಿತು. ಗೊತ್ತಿಲ್ಲದ್ದಕ್ಕಲ್ಲ. ಹುಡುಕುವ ಮೊದಲೇ ಏನು ಸಿಗಬೇಕು ಅಂತ ತೀರ್ಮಾನ ಮಾಡಿಕೊಂಡಿದ್ದ, ಅದಕ್ಕೆ. ಎಂ.ಸಿ.ಎ. ಮಾಡಿಕೊಂಡು, ದಿನವಿಡೀ ಕಂಪ್ಯೂಟರ್ ಮುಂದೆ ಕೂತು, ಫೋಟೋಶಾಪ್ ಏನು ಅಂತ ಚೆನ್ನಾಗಿ ಗೊತ್ತಿದ್ದ ಇನ್ನೊಬ್ಬ ಮಹಾನುಭಾವನಿಗೂ 2004ರಲ್ಲಿ ಹಾಗೇ ಆಗಿತ್ತು.

ಶೊಯ್ಕ್ಸರ್ 1733ರಲ್ಲಿ ತೀರಿಕೊಂಡ, ನಂಬಿಕೆ ಕದಲದೆ. ಕಲ್ಲು ಉಳಿಯಿತು.

ಆಮೇಲೆ ಒಬ್ಬೊಬ್ಬರಾಗಿ ನೋಡಿದರು. 1758ರಲ್ಲಿ ಜ್ಯೂರಿಕ್‌ನವನೇ ಆದ ಯೋಹಾನೆಸ್ ಗೆಸ್ನರ್, ಇದು ಮನುಷ್ಯ ಅಲ್ಲ, ದೊಡ್ಡ ಮೀಸೆಮೀನು ಇರಬೇಕು ಅಂದ. 1787ರಲ್ಲಿ ಹಾಲೆಂಡಿನ ಪೆಟ್ರಸ್ ಕಾಂಪರ್, ಮೀನೂ ಅಲ್ಲ, ಹಲ್ಲಿಯ ಜಾತಿ ಅಂದ. 1802ರಲ್ಲಿ ಟೇಲರ್ಸ್ ಮ್ಯೂಸಿಯಂನ ಮಾರ್ಟಿನಸ್ ವಾನ್ ಮಾರುಮ್, ಶೊಯ್ಕ್ಸರ್‌ನ ಮೊಮ್ಮಗನಿಂದ ಆ ಕಲ್ಲನ್ನು ದುಡ್ಡು ಕೊಟ್ಟು ಕೊಂಡುಕೊಂಡ. ಅದು ಪ್ರಳಯದ ಮನುಷ್ಯನಲ್ಲ ಅನ್ನುವ ಮಾತು ಆಗಲೇ ಹರಡಿತ್ತು. ಆದರೂ ಕೊಂಡ. ಅವನಿಗೆ ನನ್ನದೊಂದು ನಮಸ್ಕಾರ.

ಈಗ ಪ್ಯಾರಿಸ್‌ನ ಜಾರ್ಜ್ ಕುವಿಯೇ ಬರುತ್ತಾನೆ. ಒಂದು ಎಲುಬು ಕೊಟ್ಟರೆ ಇಡೀ ಪ್ರಾಣಿ ಹೇಳುತ್ತಾನೆ ಅಂತ ಹೆಸರಾಗಿದ್ದವನು. ಬರೀ ಚಿತ್ರ ನೋಡಿಯೇ 1809ರಲ್ಲಿ, ಇದು ಸಲಮಾಂಡರ್ ಅಂದ. ಸಲಮಾಂಡರ್ ಅಂದರೆ ನೋಡಲು ಹಲ್ಲಿಯ ಹಾಗೆ, ಸಂಬಂಧದಲ್ಲಿ ಕಪ್ಪೆಯ ಕಡೆಯದು. ಚರ್ಮ ತೇವ, ಹುರುಪೆ ಇಲ್ಲ, ಮೊಟ್ಟೆ ನೀರಲ್ಲಿ. ನಮ್ಮ ಸ್ಕೂಲ್ ಪುಸ್ತಕದ ಭಾಷೆಯಲ್ಲಿ ಉಭಯವಾಸಿ. ದಕ್ಷಿಣ ಭಾರತದಲ್ಲಿ ಇಲ್ಲವೇ ಇಲ್ಲ, ಡಾರ್ಜಿಲಿಂಗ್ ಕಡೆಯ ಬೆಟ್ಟದ ಕೊಳಗಳಿಗೇ ಹೋಗಬೇಕು. ಹಾಗಾಗಿ ನಮಗೆ ಅದಕ್ಕೊಂದು ಕನ್ನಡ ಹೆಸರೂ ಇಲ್ಲ.

1811ರಲ್ಲಿ ಕುವಿಯೇ ಹಾರ್ಲೆಮ್‌ಗೆ ಬಂದ. ಆಗ ಹಾಲೆಂಡ್ ನೆಪೋಲಿಯನ್ನನ ವಶದಲ್ಲಿತ್ತು, ಕುವಿಯೇ ಅಲ್ಲಿಯ ವಿದ್ಯಾಸಂಸ್ಥೆಗಳ ತನಿಖೆಗೆ ಬಂದಿದ್ದ. ವಾನ್ ಮಾರುಮ್‌ನ ಒಪ್ಪಿಗೆ ಪಡೆದು ಕಲ್ಲನ್ನು ಕೆತ್ತಲು ಶುರುಮಾಡಿದ. ಹಾಗೆ ಮಾಡುವಾಗ ಇವತ್ತಿನ ಸಲಮಾಂಡರ್‌ನ ಅಸ್ಥಿಪಂಜರದ ಚಿತ್ರವನ್ನು ಮೊದಲೇ ಎದುರಿಗೆ ಇಟ್ಟುಕೊಂಡ. ನನ್ನ ಮಾತು ಸರಿಯಾಗಿದ್ದರೆ ಇಲ್ಲಿ ಕೈ ಇರಬೇಕು, ಇಷ್ಟು ಬೆರಳು ಇರಬೇಕು, ಇಲ್ಲದಿದ್ದರೆ ನನ್ನ ಮಾತು ಸುಳ್ಳು ಅಂದ ಹಾಗೆ. ಉಳಿ ಒಳಗೆ ಹೋದಂತೆ ಕಲ್ಲಿನೊಳಗೆ ಅಡಗಿದ್ದ ಮುಂಗಾಲು ಹೊರಬಂತು. ಒಂದು ಪಕ್ಕ, ಆಮೇಲೆ ಇನ್ನೊಂದು ಪಕ್ಕ. ಮನುಷ್ಯನ ಕೈಯಲ್ಲ, ಸಲಮಾಂಡರ್‌ನ ಕೈ.

ನೋಡಿ, ಶೊಯ್ಕ್ಸರ್‌ಗೂ ಮೊದಲೇ ಒಂದು ತೀರ್ಮಾನವಿತ್ತು, ಕುವಿಯೇಗೂ ಇತ್ತು. ಆದರೆ ಕುವಿಯೇ ತನ್ನ ತೀರ್ಮಾನ ಸೋಲುವುದಕ್ಕೆ ಒಂದು ಅವಕಾಶ ಕೊಟ್ಟ. ಉಳಿ ಹಾಕಿ ನೋಡಿದ. ನಾನು ಮ್ಯೂಸಿಯಂನಲ್ಲಿ ಕಂಡ ಎರಡು ಪುಟ್ಟ ಕೈಗಳು ಅವನು ಕೆತ್ತಿ ತೆಗೆದವೇ.

ಇವತ್ತಿನ ಲೆಕ್ಕದಲ್ಲಿ ಆ ಕಲ್ಲಿನ ವಯಸ್ಸು ಸುಮಾರು 1 ಕೋಟಿ 30 ಲಕ್ಷ ವರ್ಷ. 1831ರಲ್ಲಿ ಆ ಪ್ರಾಣಿಗೆ ಶೊಯ್ಕ್ಸರ್‌ನ ಹೆಸರನ್ನೇ ಇಟ್ಟರು. 1837ರಲ್ಲಿ ಚೂಡಿ ಅನ್ನುವವನು ಆಂಡ್ರಿಯಾಸ್ ಅನ್ನುವ ಕುಲನಾಮ ಕೊಟ್ಟ, ಮನುಷ್ಯನ ಪ್ರತಿಮೆ ಅಂತ ಅರ್ಥ. ಹೀಗಾಗಿ ಪೂರ್ತಿ ಹೆಸರು ಆಂಡ್ರಿಯಾಸ್ ಶೊಯ್ಕ್ಸರಿ. ಶೊಯ್ಕ್ಸರ್ ಮಾಡಿದ ತಪ್ಪನ್ನು ಯಾರೂ ಮುಚ್ಚಿಡಲಿಲ್ಲ, ಹೆಸರಿನಲ್ಲೇ ಉಳಿಸಿಕೊಂಡರು. ಚೆಕ್ ಲೇಖಕ ಕರೆಲ್ ಚಾಪೆಕ್ 1936ರಲ್ಲಿ ಬರೆದ, ಸಲಮಾಂಡರ್‌ಗಳು ಮನುಷ್ಯರ ಮೇಲೆ ಯುದ್ಧಕ್ಕೆ ನಿಲ್ಲುವ ಕಾದಂಬರಿಯಲ್ಲಿರುವುದೂ ಇದೇ ಪ್ರಾಣಿ.

ಮೀಟರ್ ಉದ್ದದ ಸಲಮಾಂಡರ್ ಇರೋದುಂಟಾ ಅನ್ನುವ ಅನುಮಾನಕ್ಕೆ ಜಪಾನಿನಿಂದ ಉತ್ತರ ಬಂತು. ಡಚ್ಚರ ಕೆಲಸದಲ್ಲಿ ನಾಗಾಸಾಕಿಯಲ್ಲಿದ್ದ ಜರ್ಮನ್ ಡಾಕ್ಟರು ಸೀಬೋಲ್ಡ್, ಅಲ್ಲಿಯ ಹೊಳೆಗಳ ದೈತ್ಯ ಸಲಮಾಂಡರನ್ನು ಜೀವಂತ ಯುರೋಪಿಗೆ ತಲುಪಿಸಿದ. 1829ರಲ್ಲಿ ಜಪಾನ್ ಬಿಟ್ಟ ಆ ಪ್ರಾಣಿ ಆಮೇಲೆ ಆಮ್‌ಸ್ಟರ್‌ಡ್ಯಾಮಿನ ಮೃಗಾಲಯ ಸೇರಿ 1881ರ ತನಕ ಬದುಕಿತ್ತು. ಯೋಚನೆ ಮಾಡಿ, ಕಲ್ಲಾದ ನೆಂಟ ಹಾರ್ಲೆಮ್‌ನಲ್ಲಿ, ಉಸಿರಾಡುವ ನೆಂಟ ಪಕ್ಕದೂರಿನಲ್ಲಿ, ಐವತ್ತು ವರ್ಷ! ಎರಡರ ಎಲುಬಿಗೂ ಎಷ್ಟು ಹೋಲಿಕೆಯಿದೆ ಅಂದರೆ ಎರಡೂ ಒಂದೇ ಅಂತ ವಾದಿಸಿದ ವಿಜ್ಞಾನಿಗಳೂ ಇದ್ದಾರೆ.

ಅಂದ ಹಾಗೆ, ಇದಕ್ಕಿಂತ ಬಹಳ ಹಳೆಯ, ಬಹಳ ದೊಡ್ಡ ಉಭಯವಾಸಿಗಳೂ ಇದ್ದವು. ಅಲ್ಲೂ ಇದೇ ಗಲಿಬಿಲಿ. 1828ರಲ್ಲಿ ಜರ್ಮನಿಯ ಗೈಲ್‌ಡಾರ್ಫ್‌ನಲ್ಲಿ ಸಿಕ್ಕಿದ ಒಂದು ದೊಡ್ಡ ಹಲ್ಲು ನೋಡಿ ಯೇಗರ್ ಅನ್ನುವವನು ಇದು ದೈತ್ಯ ಸರೀಸೃಪ, ಹೆಸರು ಮ್ಯಾಸ್ಟೊಡಾನ್‌ಸಾರಸ್ ಅಂದ. ಅಲ್ಲೇ ಸಿಕ್ಕಿದ ತಲೆಬುರುಡೆಯ ಹಿಂಭಾಗದ ಚೂರು ನೋಡಿ, ಇದು ಬೇರೆ, ದೈತ್ಯ ಸಲಮಾಂಡರ್ ಅಂದ. ಯಾಕೆ ಗೊತ್ತಾ? ಸರೀಸೃಪಗಳ ತಲೆ ಕತ್ತಿನ ಮೇಲೆ ಒಂದೇ ಗುಬುಟಿನ ಮೇಲೆ ಕೂರುತ್ತದೆ, ಉಭಯವಾಸಿಗಳದು ಎರಡು ಗುಬುಟಿನ ಮೇಲೆ. ಕಡೆಗೆ ನೋಡಿದರೆ ಹಲ್ಲು, ಬುರುಡೆ ಎರಡೂ ಒಂದೇ ಪ್ರಾಣಿಯದು, ಅದು ಉಭಯವಾಸಿ! ಇಂಗ್ಲೆಂಡಿನ ರಿಚರ್ಡ್ ಓವನ್ ಇಂಥ ಹಲ್ಲುಗಳನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಒಳಗೆ ಚಕ್ರವ್ಯೂಹದ ಹಾಗೆ ಸುತ್ತು ಸುತ್ತು ಮಡಿಕೆ ಕಂಡವು. ಅದಕ್ಕೇ ಈ ಗುಂಪಿಗೆ ಲ್ಯಾಬಿರಿಂತೊಡಾಂಟ್ ಅಂತ ಹೆಸರು ಬಿತ್ತು.

1834ರಲ್ಲಿ ಜರ್ಮನಿಯ ಹಿಲ್ಡ್‌ಬರ್ಗ್‌ಹೌಸೆನ್‌ನಲ್ಲಿ ಮರಳುಗಲ್ಲಿನ ಮೇಲೆ ಹೆಜ್ಜೆ ಗುರುತುಗಳು ಸಿಕ್ಕಿದ್ದವು. ಥೇಟ್ ಮನುಷ್ಯನ ಅಂಗೈ ಅಚ್ಚು. ಕೋತಿ ಅಂದರು, ಕರಡಿ ಅಂದರು, ಕಾಂಗರೂ ಥರದ್ದು ಅಂದರು. ತೊಂದರೆ ಏನೆಂದರೆ "ಹೆಬ್ಬೆರಳು" ತಪ್ಪು ಪಕ್ಕದಲ್ಲಿತ್ತು, ಹೊರಗಡೆಗೆ. ಓವನ್ನನ ದೈತ್ಯ ಉಭಯವಾಸಿಯೇ ಹೀಗೆ ಹೆಜ್ಜೆ ಇಟ್ಟಿರಬೇಕು ಅಂದರು. ಹಾಗಾದರೆ ಅದು ಕಾಲಿಗೆ ಕಾಲು ಅಡ್ಡ ಹಾಕಿಕೊಂಡು, ನಮ್ಮೂರ ಸಂತೆ ದಿನದ ಕುಡುಕರ ಹಾಗೆ ನಡೆಯಬೇಕಿತ್ತು! ಆ ಲೆಕ್ಕದಲ್ಲೇ 1854ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಉದ್ಯಾನದಲ್ಲಿ ಈ ಪ್ರಾಣಿಯನ್ನು ಹೋರಿ ಗಾತ್ರದ ಕಪ್ಪೆಯ ಹಾಗೆ ಮೂರ್ತಿ ಮಾಡಿ ನಿಲ್ಲಿಸಿದರು. ಈಗಲೂ ಇವೆ. ಎರಡೂ ಊಹೆ ತಪ್ಪು. ಆ ಹೆಬ್ಬೆರಳು ಹೆಬ್ಬೆರಳೇ ಅಲ್ಲ, ಕಿರುಬೆರಳು. ಹೆಜ್ಜೆ ಮೊಸಳೆಯ ಕಡೆಯ ಒಂದು ಸರೀಸೃಪದ್ದು. 1965ರಲ್ಲಿ ಆ ಹೆಜ್ಜೆಗೆ ಹೊಂದುವ ಕಾಲಿನ ಎಲುಬೂ ವರ್ಣನೆಯಾಯಿತು, ಶೊಯ್ಕ್ಸರ್‌ನ ಸ್ವಿಟ್ಜರ್‌ಲೆಂಡಿನಲ್ಲೇ. ಇನ್ನು ಮ್ಯಾಸ್ಟೊಡಾನ್‌ಸಾರಸ್ ಹೇಗಿತ್ತು ಅನ್ನೋದು ಚೆನ್ನಾಗಿ ತಿಳಿದದ್ದು 1977ರಲ್ಲಿ ಜರ್ಮನಿಯ ಕುಪ್ಫರ್‌ಜೆಲ್‌ನಲ್ಲಿ ಹೆದ್ದಾರಿಗೆ ಅಂತ ಅಗೆದಾಗ ರಾಶಿ ಎಲುಬು ಸಿಕ್ಕಿದ ಮೇಲೆ. ಕಪ್ಪೆಯಲ್ಲ, ಮೊಸಳೆಯ ಆಕಾರ. ಮೀಟರ್‌ಗೂ ಮೀರಿದ ತಲೆ. ಕೆಳದವಡೆಯ ಎರಡು ಕೋರೆ ಎಷ್ಟು ಉದ್ದ ಅಂದರೆ ಬಾಯಿ ಮುಚ್ಚಿದಾಗ ಮೂತಿಯ ಮೇಲಿನ ಎರಡು ತೂತಿನಿಂದ ಹೊರಗೆ ಇಣುಕುತ್ತಿದ್ದವು.

ನಮ್ಮ ದೇಶದಲ್ಲಿ ಏನೂ ಇಲ್ಲವೇ ಅಂದಿರಾ? ಇದೆ. ನಾಗಪುರದಲ್ಲಿದ್ದ ಸ್ಕಾಟ್‌ಲೆಂಡಿನ ಮಿಷನರಿ ಸ್ಟೀಫನ್ ಹಿಸ್ಲಾಪ್, ಧರ್ಮಪ್ರಚಾರದ ನಡುವೆ ಕಲ್ಲುಗಳನ್ನೂ ಹುಡುಕುತ್ತಿದ್ದ. ನಾಗಪುರದ ದಕ್ಷಿಣಕ್ಕೆ ಮಾಂಗ್ಲಿ ಎಂಬಲ್ಲಿ ಸಿಕ್ಕಿದ ಒಂದು ಅಗಲ ತಲೆಯ ಬುರುಡೆ ಲಂಡನ್ನಿಗೆ ಹೋಗಿ, 1855ರಲ್ಲಿ ಓವನ್ ಕೈಯಲ್ಲಿ ಬ್ರಾಕಿಯಾಪ್ಸ್ ಅಂತ ಹೆಸರು ಪಡೆಯಿತು. ದೈತ್ಯನೇನಲ್ಲ, ಚಿಕ್ಕದೇ. ಪ್ರಳಯದ ಕಥೆ ಹೇಳುವಾಗ ಇದನ್ನೂ ಹೇಳಬೇಕು: ಹಿಸ್ಲಾಪ್ 1863ರಲ್ಲಿ ಟಾಕಳಘಾಟ್‌ನ ಕಲ್ಲುವೃತ್ತಗಳ ಅಗೆತ ನೋಡಿಕೊಂಡು ರಾತ್ರಿ ಹಿಂದಿರುಗುವಾಗ, ತುಂಬಿ ಹರಿಯುತ್ತಿದ್ದ ಹಳ್ಳದಲ್ಲಿ ಕೊಚ್ಚಿಹೋದ.

ದೊಡ್ಡವು ಸಿಕ್ಕಿದ್ದು ಈಗಿನ ತೆಲಂಗಾಣದ ಪ್ರಾಣಹಿತಾ-ಗೋದಾವರಿ ಕಣಿವೆಯಲ್ಲಿ, ಮಲೇರಿ ಅನ್ನುವ ಹಳ್ಳಿಯ ಹೆಸರಿನ ಕೆಂಪು ಮಣ್ಣಿನ ಪದರದಲ್ಲಿ. 20 ಕೋಟಿ ವರ್ಷಕ್ಕೂ ಹಿಂದಿನ ನದಿಬಯಲು ಅದು. ಕೋಲ್ಕತ್ತದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನವರು ಅಲ್ಲಿ ವರ್ಷಗಟ್ಟಲೆ ಬಿಸಿಲಲ್ಲಿ ಅಲೆದು ಎಲುಬು ಆರಿಸಿದರು. (ಅಂಕಿಸಂಖ್ಯೆ ಸಂಸ್ಥೆಗೆ ಎಲುಬಿನ ಉಸಾಬರಿ ಯಾಕೆ ಅಂದರೆ, ಅದನ್ನು ಕಟ್ಟಿದ ಮಹಲನೋಬಿಸ್ ಅವರಿಗೆ ಎಲ್ಲದರಲ್ಲೂ ಆಸಕ್ತಿ!) ಅಲ್ಲಿಯ ಮೆಟೊಪೊಸಾರ್ ಅನ್ನುವ ಉಭಯವಾಸಿಯನ್ನು ತಪನ್ ರಾಯ್‌ಚೌಧುರಿ 1965ರಲ್ಲಿ ವಿವರವಾಗಿ ವರ್ಣಿಸಿದರು. ಚಪ್ಪಟೆ ತಲೆ, ಮೂತಿಯ ಕಡೆಗೆ ಸರಿದ ಕಣ್ಣು, ದಪ್ಪ ದೇಹ. ಈ ಕುಟುಂಬದ ದೊಡ್ಡವು ಮೂರು ಮೀಟರ್ ತನಕ ಬೆಳೆಯುತ್ತಿದ್ದವು. ಈಚೆಗೆ ಇದಕ್ಕೆ ಪಂಥಾಸಾರಸ್ ಅಂತ ಹೊಸ ಕುಲನಾಮ ಬಂದಿದೆ. ಆ ಬರಹ ಅಚ್ಚಾದದ್ದು ಎಲ್ಲಿ ಗೊತ್ತಾ? ಅದೇ "ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್". ಶೊಯ್ಕ್ಸರ್‌ನ ಪತ್ರ ಅಚ್ಚಾದ 239 ವರ್ಷಕ್ಕೆ, ಅದೇ ಪತ್ರಿಕೆಯಲ್ಲಿ, ನಮ್ಮ ಗೋದಾವರಿ ತೀರದ ಉಭಯವಾಸಿ. ಈ ಸಲ ಅದನ್ನು ಯಾರೂ ಮನುಷ್ಯ ಅನ್ನಲಿಲ್ಲ.

ಕರ್ನಾಟಕದಲ್ಲಿ ಹುಡುಕಲು ಹೋಗಬೇಡಿ. ನಮ್ಮ ನೆಲ ತುಂಬಾ ಮುದುಕ. ಧಾರವಾಡ ಶ್ರೇಣಿಯ ಕಲ್ಲುಗಳಿಗೆ 250 ಕೋಟಿ ವರ್ಷಕ್ಕೂ ಮೇಲೆ. ಕಲಾದಗಿ, ಭೀಮಾ ಕಡೆಯ ಕಲ್ಲುಗಳೂ (ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲೂ ಸೇರಿ) ಬೆನ್ನುಮೂಳೆಯ ಪ್ರಾಣಿಗಳು ಹುಟ್ಟುವ ಮುಂಚಿನವು. ಅಲ್ಲಿಂದ ಜಿಗಿದರೆ ಉತ್ತರದ ಜಿಲ್ಲೆಗಳ ಮೇಲೆ ಹರಿದ, ಸುಮಾರು 6 ಕೋಟಿ 60 ಲಕ್ಷ ವರ್ಷದ ಹಿಂದಿನ ಲಾವಾ. ನಡುವಿನ ಪುಟಗಳೇ ನಮ್ಮ ಪುಸ್ತಕದಲ್ಲಿ ಇಲ್ಲ. ಗೋದಾವರಿಯವರ ಪುಸ್ತಕ ಕಡ ತಂದು ಓದಬೇಕು.

ಬದುಕಿರುವ ದೈತ್ಯರ ಪಾಡು ಏನಾಯಿತು ಅನ್ನೋದನ್ನೂ ಹೇಳಿಬಿಡುತ್ತೇನೆ. ಚೀನಾದ ದೈತ್ಯ ಸಲಮಾಂಡರ್ ಊಟದ ತಟ್ಟೆಗೆ ಅಂತ ಫಾರಂಗಳಲ್ಲಿ ಲೆಕ್ಕವಿಲ್ಲದಷ್ಟಿದೆ, ಹೊಳೆಗಳಲ್ಲಿ ಹುಡುಕಿದರೂ ಸಿಗದ ಹಾಗಾಗಿದೆ. ಒಂದೇ ಜಾತಿ ಅಂದುಕೊಂಡಿದ್ದು ಒಂದಲ್ಲ, ಹಲವು ಅಂತ 2018ರಲ್ಲಿ ತಿಳಿಯಿತು. 2019ರಲ್ಲಿ ಅದರಲ್ಲೊಂದಕ್ಕೆ ಹೆಸರಿಡಲು ಆಧಾರವಾದದ್ದು, 20ನೇ ಶತಮಾನದ ಆರಂಭದಲ್ಲಿ ಲಂಡನ್ ಮೃಗಾಲಯದಲ್ಲಿ ಬದುಕಿ ಸತ್ತು, ಅಲ್ಲಿಯ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಸುಮ್ಮನೆ ಬಿದ್ದಿದ್ದ ಒಂದು ಹಳೇ ದೇಹ. ಯಾರೋ ಎಸೆಯದೆ ಇಟ್ಟಿದ್ದರು.

ಮಾವ ಕೇಳಿದ ಪ್ರಶ್ನೆಯ ಬೆಲೆ ನನಗೆ ಹಾರ್ಲೆಮ್‌ನಲ್ಲಿ ತಿಳಿದದ್ದು ಹೀಗೆ. ಶೊಯ್ಕ್ಸರ್ ತಪ್ಪು ಮಾಡಿದ. ಆದರೆ ಮೂಳೆ ಎಲ್ಲಿದೆ ಅಂತ ಕೇಳಿದವರಿಗೆ ಅವನ ಬಳಿ ಉತ್ತರವಿತ್ತು. ಬನ್ನಿ, ನೋಡಿ, ಇಲ್ಲಿದೆ. ಆ ಒಂದು ಉತ್ತರ ಇದ್ದದ್ದಕ್ಕೇ 85 ವರ್ಷದ ಮೇಲೆ ಇನ್ನೊಬ್ಬ ಬಂದು ಉಳಿ ಹಾಕಲು ಆಯಿತು. ನಾನು ಕಳಿಸಿದ ಪಟಕ್ಕೆ ಆ ಉತ್ತರವೇ ಇರಲಿಲ್ಲ. ನೋಡಲು ಯಾರನ್ನೂ ಬಿಡುತ್ತಿಲ್ಲ ಅನ್ನುವ ಬೇಲಿಯನ್ನು ಒಕ್ಕಣೆಯಲ್ಲೇ ಕಟ್ಟಿದ್ದರು. ತಪ್ಪು ಅಂತ ತೋರಿಸಲು ಉಳಿ ಎಲ್ಲಿಗೆ ಹಾಕೋದು? ಅದಕ್ಕೇ 2007ರಲ್ಲಿ ಸತ್ತದ್ದು ಮತ್ತೆ ಮತ್ತೆ ಎದ್ದು ಬರುತ್ತಿದೆ. ಇದರಲ್ಲಿ ಪುರಾಣಕ್ಕೆ ತಾತ್ಸಾರ ಎಲ್ಲಿಂದ ಬಂತು? ಕುಮಾರವ್ಯಾಸನ ಘಟೋತ್ಕಚ ದೊಡ್ಡವನಾಗಲು ಯಾವ ಎಲುಬೂ ಬೇಕಾಗಿರಲಿಲ್ಲ. ಅದು ಮಾವನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಹೋದ ವಾರ ಗುಂಪಿಗೆ ಆ ಚಿತ್ರ ಹಾಕಿದ್ದು ನಮ್ಮ ಅಕ್ಕನ ಮಗ. ಈಗಷ್ಟೇ ಕೆಲಸಕ್ಕೆ ಸೇರಿದ್ದಾನೆ. ಇದು ಸುಳ್ಳು ಕಣೋ ಅಂತ ಉದ್ದಕ್ಕೆ ಬರೆಯಲು ಶುರು ಮಾಡಿದವನು ಅಷ್ಟನ್ನೂ ಅಳಿಸಿದೆ. ಆಮೇಲೆ ಒಂದೇ ಸಾಲು ಕಳಿಸಿದೆ.

"ಚೆನ್ನಾಗಿದೆ. ಮೂಳೆ ಈಗ ಎಲ್ಲಿದೆಯಪ್ಪಾ?"

ಬಹಳ ಹೊತ್ತು ಅವನು ಏನೋ ಟೈಪ್ ಮಾಡುತ್ತಿರುವುದು ಕಾಣುತ್ತಿತ್ತು. ಸಿಟ್ಟು ಬಂತೇನೋ ಅಂದುಕೊಂಡೆ. ನನಗೂ ಬಂದಿತ್ತಲ್ಲ. ಕೊನೆಗೆ ಉತ್ತರ ಬಂತು.

"ಗೊತ್ತಿಲ್ಲ ಮಾವ. ಹುಡುಕಿ ಹೇಳ್ತೀನಿ."

ಇವನು ನನಗಿಂತ ವಾಸಿ.